ಮೂವತ್ತಾರನೆಯ ವಯಸ್ಸಿನ ಟೈಪಿಂಗ್ ಕ್ಲಾಸು

ನನ್ನ ಬೆರಳುಗಳಿಗೆ ಒಂದು ಕೆಟ್ಟ ಚಟವಿದೆ. ಯಾರಾದರೂ ನಿಧಾನಕ್ಕೆ, ಸ್ಪಷ್ಟವಾಗಿ ಮಾತಾಡತೊಡಗಿದರೆ ಸಾಕು, ಅವರು ಆಡಿದ್ದನ್ನೆಲ್ಲ ಕೈಗೆ ಸಿಕ್ಕ ಜಾಗದ ಮೇಲೆ ಬಡಿಯತೊಡಗುತ್ತವೆ. ಹೋದ ತಿಂಗಳು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ನನ್ನ ಬಾಯೊಳಗೆ ಹತ್ತಿ ತುರುಕಿ, ಯಾವ ಹಲ್ಲು ಉಳಿಯಬೇಕು, ಯಾವುದು ಹೋಗಬೇಕು ಎಂದು ಅವರು ವಿವರಿಸುತ್ತಿದ್ದರು. ನನ್ನ ಹತ್ತೂ ಬೆರಳು ಕುರ್ಚಿಯ ತೋಳುಗಳ ಮೇಲೆ ಟಪಟಪ ಕುಣಿಯುತ್ತಿದ್ದವು.

"ಅಂಜಬ್ಯಾಡ್ರಿ ಅಮ್ಮಾರ, ನೋವ ಆಗೂದಿಲ್ಲ" ಎಂದರು ಡಾಕ್ಟರು.

ಅಂಜಿಕೆ ಅಲ್ಲಪ್ಪ, ನೀ ಹೇಳಿದ್ದನ್ನು ಟೈಪ್ ಮಾಡಿಕೊಳ್ಳುತ್ತಿದ್ದೇನೆ ಎಂದು ಹೇಳೋಣವೆಂದರೆ ಬಾಯ ತುಂಬ ಹತ್ತಿ. ಬಸ್ಸಿನಲ್ಲಿ ಕೂತಾಗಲೂ ಅಷ್ಟೇ. ಕಂಡಕ್ಟರು "ತಾಂಬಾ, ಸಿಂದಗಿ, ತಾಂಬಾ, ಸಿಂದಗಿ" ಎಂದು ಕೂಗಿದರೆ ನನ್ನ ತೊಡೆಯ ಮೇಲೆ ತಾಂಬಾ, ಸಿಂದಗಿ. ಮಠಕ್ಕೆ ಪ್ರವಚನ ಕೇಳಲು ಹೋದರೆ ಕಂಬದ ಮೇಲೆ ಅರ್ಧ ಪ್ರವಚನ. ಒತ್ತಕ್ಷರ ಬಂತೆಂದರೆ ಕಿರುಬೆರಳು ಬಲು ಹುರುಪಿನಿಂದ ಮೇಲೇಳುತ್ತದೆ. ಪಕ್ಕ ಕೂತವರು ಕನಿಕರದಿಂದ ನೋಡಿ, ವಾತಕ್ಕೆ ಹಚ್ಚುವ ಎಣ್ಣೆಯ ಹೆಸರು ಹೇಳುತ್ತಾರೆ. ನಾನು ಆ ಎಣ್ಣೆಯ ಹೆಸರನ್ನೂ ಟೈಪ್ ಮಾಡಿಕೊಳ್ಳುತ್ತೇನೆ.

ಈ ಚಟ ಹತ್ತಿದ್ದು ಇಂಡಿಯಲ್ಲಿ, ಎಪ್ಪತ್ತರ ದಶಕದ ನಡುವಿನಲ್ಲಿ, ನನಗೆ ಮೂವತ್ತಾರು ತುಂಬಿದ ಮೇಲೆ. ಅದನ್ನು ಹೇಳಬೇಕೆಂದರೆ ಮೊದಲು ನನ್ನ ಪಾಟಿಯ ಸಂಗತಿ ಹೇಳಬೇಕು.

ನನ್ನ ತವರು ಬಸವನ ಬಾಗೇವಾಡಿ. ಅಲ್ಲಿಯ ಹೆಣ್ಣುಮಕ್ಕಳ ಸಾಲಿಯಲ್ಲಿ ಗೋಣಿತಟ್ಟಿನ ಮೇಲೆ ಕೂತು, ತೊಡೆಯ ಮೇಲೆ ಕಟ್ಟಿಗೆ ಚೌಕಟ್ಟಿನ ಪಾಟಿ ಇಟ್ಟುಕೊಂಡು ಅಕ್ಷರ ಕಲಿತೆ. ನನ್ನ ಪಾಟಿಯ ಒಂದು ಮೂಲೆ ಒಡೆದಿತ್ತು. ಹಾಗಾಗಿ ನನ್ನ ಸಾಲುಗಳು ಯಾವಾಗಲೂ ಆ ಮೂಲೆಗೆ ಬರುವಷ್ಟರಲ್ಲಿ ಗಾಬರಿಯಾಗಿ ಕುಗ್ಗುತ್ತಿದ್ದವು. ಬರೆಯುವ ಕಡ್ಡಿಯನ್ನು ಬರೆದದ್ದಕ್ಕಿಂತ ತಿಂದದ್ದೇ ಹೆಚ್ಚು. ಮಳೆ ಬಿದ್ದ ಮಣ್ಣಿನ ರುಚಿ ಅದಕ್ಕೆ. ಅಳಿಸಲಿಕ್ಕೆ ನೀರು ಬೇಕೆಂದು ಯಾರೂ ನಮಗೆ ಹೇಳಿರಲಿಲ್ಲ. ಎಂಜಲು ಇತ್ತು, ಲಂಗದ ಅಂಚು ಇತ್ತು, ನಡೆದುಹೋಗುತ್ತಿತ್ತು. ಏಳನೇ ಇಯತ್ತೆಗೆ ಮುಲ್ಕಿ ಪರೀಕ್ಷೆ ಇರುತ್ತಿತ್ತು. ಪಾಸಾದೆ. ಪಾಸಾದ ಸುದ್ದಿ ತಂದ ದಿನವೇ ನಮ್ಮಪ್ಪ, "ಇನ್ನ ಸಾಕವ್ವಾ, ಹೈಸ್ಕೂಲಿನ್ಯಾಗ ಗಂಡುಹುಡುಗರ ಜೋಡಿ ಕುಂದರಬೇಕಾಕ್ಕೈತಿ" ಎಂದ. ಸಿಟ್ಟಿನಿಂದ ಹೇಳಲಿಲ್ಲ, ಪಾಪ. ಪೇಢೆ ಕೈಗಿಟ್ಟು ಹೇಳಿದ. ಆ ಪೇಢೆ ತಿನ್ನುತ್ತ ನಾನೂ ಹೂಂ ಅಂದುಬಿಟ್ಟೆ. ಒಂದು ವರ್ಷ ಬಿಟ್ಟು ಲಗ್ನವಾಗಿ ಇಂಡಿಗೆ ಬಂದೆ.

ಆಮೇಲೆ ಇಪ್ಪತ್ತು ವರ್ಷ ನಾನು ಓದಿದ್ದು ಬೆಲ್ಲ, ಬೇಳೆ ಕಟ್ಟಿಕೊಟ್ಟ ಕಾಗದದ ಚೂರು. ಅರ್ಧ ಸುದ್ದಿ ಓದಿ ಉಳಿದರ್ಧ ಏನಾಗಿರಬಹುದೆಂದು ಒಲೆಯ ಮುಂದೆ ಕೂತು ಕಟ್ಟುತ್ತಿದ್ದೆ. ಪೇಟೆಗೆ ಹೋದರೆ ಅಂಗಡಿಗಳ ಬೋರ್ಡು ಒಂದನ್ನೂ ಬಿಡುತ್ತಿರಲಿಲ್ಲ. ಜೊತೆಗೆ ಬಂದ ಹೆಂಗಸರು ಸೀರೆ ನೋಡಿದರೆ ನಾನು ಸೀರೆಯಂಗಡಿಯ ಬೋರ್ಡು ನೋಡುತ್ತಿದ್ದೆ.

ನಮ್ಮವರು, ಮಲ್ಲಪ್ಪ ಅವರ ಹೆಸರು, ಇಂಡಿಯ ತಹಶೀಲ್ದಾರ ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಕೂತು ಅರ್ಜಿ ಬರೆಯುತ್ತಿದ್ದರು. ಇಳಿಜಾರು ಮುಚ್ಚಳದ ಒಂದು ಪೆಟ್ಟಿಗೆ, ನಿಬ್ಬಿನ ಪೆನ್ನು, ಮಸಿಕುಡಿಕೆ, ಚಾಪೆ. ಅಕ್ಷರವೆಂದರೆ ಅವರದೇ. ಒಂದರ ಬಾಲ ಇನ್ನೊಂದಕ್ಕೆ ತಾಗುತ್ತಿರಲಿಲ್ಲ. ಸಿಂದಗಿ ಕಡೆಯ ಹಳ್ಳಿಯವರೂ ಅವರ ಕೈಯಲ್ಲೇ ಬರೆಸಬೇಕೆಂದು ಬಸ್ಸು ಹತ್ತಿ ಬರುತ್ತಿದ್ದರು. ಮನೆಯಲ್ಲಿ ಸಾಮಾನಿನ ಚೀಟಿ ಬರೆದರೂ ಹಾಗೆಯೇ. "ತೊಗರಿಬ್ಯಾಳಿ" ಎಂದು ಅವರು ಬರೆದದ್ದನ್ನು ನೋಡಿದರೆ ಬೇಳೆ ಬೇಡ, ಆ ಚೀಟಿಯನ್ನೇ ಚೌಕಟ್ಟು ಹಾಕಿಸೋಣ ಅನ್ನಿಸುತ್ತಿತ್ತು.

ಕಚೇರಿಗಳ ಕೆಲಸವೆಲ್ಲ ಕನ್ನಡದಲ್ಲೇ ಆಗಬೇಕು ಎಂಬ ಮಾತು ಜೋರಾಗಿ ಕೇಳುತ್ತಿದ್ದ ಕಾಲ ಅದು. ಇಂಡಿಗೂ ಕನ್ನಡದ ಟೈಪಿನ ಮಶೀನು ಬಂತು. ಒಮ್ಮೆ ಅಚ್ಚಿನಂಥ ಕಾಗದ ಓದಿ ರೂಢಿಯಾದ ಗುಮಾಸ್ತರಿಗೆ ಕೈಬರಹ ಓದುವುದು ಬೇಸರವಾಯಿತು. "ಟೈಪ್ ಮಾಡಿಸಿಕೊಂಡ ಬರ್ರಿ" ಎಂದು ಬಂದವರನ್ನು ತಿರುಗಿ ಕಳಿಸತೊಡಗಿದರು. ಅದೇ ಹೊತ್ತಿಗೆ ನಮ್ಮವರ ಬಲಗೈ ಹೆಬ್ಬೆರಳು ಮುಷ್ಕರ ಹೂಡಿತು. ಅವರು ಯಾರಿಗೂ ಹೇಳಲಿಲ್ಲ. ಧೋತರದ ಮೇಲೆ ಮಸಿಯ ಹನಿಗಳು ಹೆಚ್ಚಾದವು, ಚಹಾದ ಬಟ್ಟಲು ಎಡಗೈಗೆ ಬಂತು. ಒಂದು ದಿನ ಅಂಗಿಯ ಗುಂಡಿ ಹಾಕಲಾರದೆ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ನಾನು ಹೋಗಿ ಹಾಕಿದೆ. ಡಾಕ್ಟರು, ಬರೆದು ಬರೆದು ನರ ಸೆಟೆದುಕೊಂಡಿದೆ, ಬರೆಯುವುದು ಬಿಡಬೇಕು ಎಂದರಂತೆ. ಅದು ಆ ಮನುಷ್ಯನಿಗೆ ಉಸಿರಾಡುವುದು ಬಿಡು ಎಂದ ಹಾಗೆ.

ಪೇಟೆಯ ಸೈಕಲ್ ಅಂಗಡಿಯ ಮೇಲಿನ ಖೋಲಿಗೆ ಹೊಸ ಬೋರ್ಡು ಬಿದ್ದದ್ದನ್ನು ನೋಡಿದ್ದು ನಾನೇ: "ಇಲ್ಲಿ ಕನ್ನಡ ಟೈಪಿಂಗ್ ಕಲಿಸಲಾಗುವುದು." ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಎರಡು ದಿನ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೆಯ ದಿನ ಹೋದರು. ಮೂರೇ ದಿನ ಹೋದರು.

"ಅಕ್ಷರ ಬರಿಯೂದು, ಬಡಿಯೂದಲ್ಲ" ಎಂದು ಬಂದು ಮೂಲೆಯಲ್ಲಿ ಕೂತರು. ನನಗೆ ಒಳಗೊಳಗೇ ಗೊತ್ತಿತ್ತು, ಆ ಹೆಬ್ಬೆರಳು ಮಶೀನಿನ ಮೇಲೂ ಮಾತು ಕೇಳಿರಲಿಕ್ಕಿಲ್ಲ.

ಅವಸರದಲ್ಲಿ ಬಂದವರು ತಮ್ಮ ಚಾಳೀಸು ಅಲ್ಲೇ ಬಿಟ್ಟಿದ್ದರು. ಚಾಳೀಸಿಲ್ಲದೆ ಅವರಿಗೆ ರೊಟ್ಟಿಯೂ ಕಾಣುತ್ತಿರಲಿಲ್ಲ. ಮರುದಿನ ಬದನೆಕಾಯಿ ಕೊಳ್ಳಲು ಹೋದವಳು ಹಾಗೆಯೇ ಆ ಮೆಟ್ಟಿಲು ಹತ್ತಿದೆ. ಹತ್ತುವಾಗಲೇ ಸದ್ದು ಕೇಳಿತು. ತಗಡಿನ ಮೇಲೆ ಆಣೆಕಲ್ಲು ಬಿದ್ದಂಥ ಸದ್ದು, ನಡುನಡುವೆ ಟಿಣ್ ಎಂದು ಗಂಟೆ.

ಕಲಿಸುವವಳ ಹೆಸರು ಹಸೀನಾಬಾನು. ಮುದ್ದೇಬಿಹಾಳದ ದರ್ಜಿಯೊಬ್ಬರ ಮಗಳು. ಹುಬ್ಬಳ್ಳಿಯಲ್ಲಿ ಟೈಪಿಂಗ್ ಕಲಿತು, ಇಂಡಿಯಲ್ಲಿ ಅತ್ತೆಯ, ಅಂದರೆ ಅಪ್ಪನ ತಂಗಿಯ, ಮನೆಯಲ್ಲಿದ್ದುಕೊಂಡು ಕ್ಲಾಸು ತೆಗೆದಿದ್ದಳು. ಇಪ್ಪತ್ತೆರಡೋ ಇಪ್ಪತ್ಮೂರೋ. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತೇವೆ. ಅವಳ ಮುಖದ ಮೇಲಿನ ಕಟ್ಟುನಿಟ್ಟು ನೋಡಿ ನನ್ನ ಬಾಯಿಂದ ತಾನಾಗಿ ಅದೇ ಬಂತು.

"ಅಕ್ಕೋರ, ನಮ್ಮವರು ಚಾಳೀಸು ಇಲ್ಲೇ ಬಿಟ್ಟಾರಂತ್ರಿ."

"ಕೊಡ್ತೇನ್ರಿ ಬಾಯಾರ. ಮಲ್ಲಪ್ಪನವರು ಮತ್ತ ಬರ್ತಾರಿಲ್ಲೋ?"

"ಅವರಿಗೆ ಕೆಲಸ ಭಾಳ ಐತ್ರಿ" ಎಂದೆ. ಸುಳ್ಳು ಹೇಳುವಾಗ ಬದನೆಕಾಯಿ ಚೀಲ ಭಾರವಾಯಿತು.

ಅವಳು ನನ್ನನ್ನೇ ನೋಡಿದಳು. ನಾನು ಅವಳನ್ನು ನೋಡುತ್ತಿರಲಿಲ್ಲ, ಅವಳ ಹಿಂದೆ ಇದ್ದ ಮಶೀನು ನೋಡುತ್ತಿದ್ದೆ.

"ಓದಾಕ ಬರ್ತೈತೇನ್ರಿ ನಿಮಗ?"

"ಮುಲ್ಕಿ ಪಾಸಾಗೇನ್ರಿ."

ಇಪ್ಪತ್ತು ವರ್ಷದಿಂದ ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

"ಹಂಗಾದ್ರ ಕುಂದರ್ರಿ. ಅವರು ಫೀ ಕೊಟ್ಟ ತಿಂಗಳ ಮುಗಿಯಾಕ ಇನ್ನ ಇಪ್ಪತ್ತೇಳ ದಿನ ಐತಿ. ಅಲ್ಲೀತನ ಆ ಕುರ್ಚಿ ಯಾಕ ಖಾಲಿ ಇರಬೇಕು?"

ಕೂತೆ. ಬದನೆಕಾಯಿ ಚೀಲ ತೊಡೆಯ ಮೇಲೇ ಇತ್ತು. ಅವಳು ನನ್ನ ಬೆರಳು ಹಿಡಿದು ಒಂದು ಕೀಲಿಯ ಮೇಲಿಟ್ಟು "ಹೊಡೀರಿ" ಎಂದಳು. ಹೊಡೆದೆ. ಒಳಗಿನಿಂದ ಕಬ್ಬಿಣದ ಸಣ್ಣ ಕೈಯೊಂದು ಎದ್ದು ಬಂದು ಕಾಗದದ ಕಪಾಳಕ್ಕೆ ಬಾರಿಸಿ ಹೋಯಿತು. ಹೋದ ಜಾಗದಲ್ಲಿ ಒಂದು 'ಗ', ಅದೂ ತಲೆಕಟ್ಟಿಲ್ಲದ್ದು. ಇನ್ನೊಂದು ಕೀಲಿ ತೋರಿಸಿದಳು. ಅದನ್ನು ಹೊಡೆದಾಗ ತಲೆಕಟ್ಟು ಬಂದು ಆ ಅಕ್ಷರದ ಮೇಲೆ ಸೆರಗು ಹೊದಿಸಿದಂತೆ ಕೂತಿತು. ನಾನು ನಕ್ಕುಬಿಟ್ಟೆ. ಯಾಕೆ ನಕ್ಕೆನೋ ಇಂದಿಗೂ ಹೇಳಲಾರೆ. ಅಂಥ ಖುಷಿ ನನಗೆ ಲಗ್ನದ ದಿನವೂ ಆಗಿರಲಿಲ್ಲ. ಇದನ್ನು ನಮ್ಮವರಿಗೆ ಮುಂದೆ ಹೇಳಿದ್ದೇನೆ, ಕದ್ದು ಬರೆಯುತ್ತಿಲ್ಲ.

ಮನೆಗೆ ಬಂದು ಮೊದಲು ಹೇಳಿದ್ದು ನಮ್ಮ ಅತ್ತೆಗೆ. ಅವರು ಅಂಗಳದಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ನಾನು ತೊದಲುತ್ತ ಎಲ್ಲ ಹೇಳಿದೆ. ಅವರು ಒಂದು ಬುಟ್ಟಿಯ ಮೆಣಸಿನಕಾಯಿ ಪೂರ್ತಿ ಮುಗಿಸಿ ಕೇಳಿದರು.

"ಎಷ್ಟೊತ್ತಿಗೆ ಹೋಗಬೇಕು?"

"ಮುಂಜಾನಿ ಏಳಕ್ಕ್ರಿ. ಎಂಟಕ್ಕ ಬಂದಬಿಡ್ತೇನ್ರಿ."

"ಆ ಹೊತ್ತಿನ ರೊಟ್ಟಿ ನಾ ಬಡಿತೇನಿ. ನೀ ಅಲ್ಲಿ ಬಡಿ."

ಅಷ್ಟೇ. ಮತ್ತೆ ಆ ವಿಷಯ ಎತ್ತಲಿಲ್ಲ. ನಮ್ಮವರೂ ಬೇಡ ಎನ್ನಲಿಲ್ಲ. ಆದರೆ ಮಾತು ನಿಲ್ಲಿಸಿದರು. ಸಿಟ್ಟು ಮಾಡುವವರಾಗಿದ್ದರೆ ಎದುರು ಮಾತಾಡಿ ಹಗುರಾಗುತ್ತಿದ್ದೆ. ಅವರು ಖಾಲಿ ಮಸಿಕುಡಿಕೆಯನ್ನು ತೊಳೆದು ತೊಳೆದು ಬಿಸಿಲಿಗೆ ಇಡುತ್ತಿದ್ದರು. ಅದನ್ನು ನೋಡಿ ನನಗೆ ನಾನೇ ಅವರ ಪೆನ್ನು ಕಸಿದುಕೊಂಡೆನೇನೋ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದರೂ ಮುಂಜಾನೆ ಏಳಕ್ಕೆ ಕಾಲುಗಳು ಮಾತ್ರ ಪೇಟೆಯ ಕಡೆ ಓಡುತ್ತಿದ್ದವು.

ಕ್ಲಾಸಿನಲ್ಲಿ ನನ್ನ ಜೊತೆ ಅಗಲ ಪ್ಯಾಂಟಿನ ಮೂವರು ಹುಡುಗರು, ಎರಡು ಜಡೆಯ ಒಬ್ಬ ಹುಡುಗಿ. ಹಾಜರಿ ಪುಸ್ತಕದಲ್ಲಿ ನಮ್ಮವರ ಹೆಸರೇ ಉಳಿದಿತ್ತು. ಅಕ್ಕೋರು "ಮಲ್ಲಪ್ಪ" ಎಂದು ಕರೆದರೆ ನಾನು "ಬಂದೇನ್ರಿ" ಎನ್ನಬೇಕು. ಹುಡುಗರು ನಗೆ ತಡೆಯಲು ಪುಸ್ತಕ ಕಚ್ಚಿಕೊಳ್ಳುತ್ತಿದ್ದರು. ನನ್ನ ಕಷ್ಟ ಬೇರೆ ಇತ್ತು. ಜೋಳದ ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಕೈ ನನ್ನದು. ನಾನು ಹೊಡೆದ ಸೊನ್ನೆಗಳೆಲ್ಲ ಕಾಗದವನ್ನು ತೂತು ಮಾಡಿ ಆಚೆ ಹೋಗುತ್ತಿದ್ದವು.

"ಬಾಯಾರ, ಇದು ರೊಟ್ಟಿ ಅಲ್ರಿ" ಎನ್ನುತ್ತಿದ್ದಳು ಹಸೀನಾ, ಕಾಗದವನ್ನು ಬೆಳಕಿಗೆ ಹಿಡಿದು. ಕಿರುಬೆರಳಿಗೋ ಬಲವೇ ಇಲ್ಲ. ಇಷ್ಟು ವರ್ಷ ಅದು ನನ್ನ ಕೈಯಲ್ಲಿ ಸುಮ್ಮನೆ ಬಿಟ್ಟಿ ಇತ್ತೆಂದು ಆಗ ತಿಳಿಯಿತು. ಕೀಲಿ ನೋಡಬಾರದೆಂದು ಅವಳು ನಮ್ಮ ಕೈಗಳ ಮೇಲೆ ರಟ್ಟಿನ ಮುಚ್ಚಳ ಇಡುತ್ತಿದ್ದಳು. ನಾನು ಬಗ್ಗಿ ಕಳ್ಳತನದಿಂದ ನೋಡಿದರೆ ಸ್ಕೇಲಿನಿಂದ ಮೇಜು ಕುಟ್ಟುತ್ತಿದ್ದಳು. ಮೂವತ್ತಾರನೆಯ ವಯಸ್ಸಿಗೆ ಸ್ಕೇಲಿಗೆ ಅಂಜುವ ಸುಖ ಎಲ್ಲರಿಗೂ ಸಿಗುವುದಿಲ್ಲ.

ಹದಿನೈದನೆಯ ದಿನ ಇರಬೇಕು, "ನಿಮ್ಮ ಮನಿಯಾಗಿನವರ ಹೆಸರು ಹೊಡೀರಿ" ಎಂದಳು. ಅತ್ತೆಯ ಹೆಸರು, ಇಬ್ಬರು ಹೆಣ್ಣುಮಕ್ಕಳ ಹೆಸರು ಹೊಡೆದೆ. ಆಮೇಲೆ ಬೆರಳು ನಿಂತವು. ಗಂಡನ ಹೆಸರನ್ನು ಬಾಯಲ್ಲಿ ಹೇಳುವ ರೂಢಿ ನಮ್ಮಲ್ಲಿಲ್ಲ. ಹೇಳಬಾರದೆಂದು ಇದೆ, ಹೊಡೆಯಬಾರದೆಂದು ಯಾರೂ ಹೇಳಿಲ್ಲವಲ್ಲ ಎಂದು ಯೋಚಿಸಿ ಮ ಹೊಡೆದೆ, ಲ್ಲ ಹೊಡೆದೆ, ಪ್ಪ ಹೊಡೆದೆ. ಎರಡು ಒತ್ತು. ಎಷ್ಟು ಚೆಂದದ ಹೆಸರು ಅನ್ನಿಸಿತು. ಯಾರೂ ನೋಡದಂತೆ ಆ ತುಂಡು ಹರಿದು ಕುಪ್ಪಸದೊಳಗೆ ಇಟ್ಟುಕೊಂಡೆ.

ಮನೆಯಲ್ಲಿ ಮಶೀನು ಇರಲಿಲ್ಲ. ಅಕ್ಕೋರು ಒಂದು ರಟ್ಟಿನ ಮೇಲೆ ಕೀಲಿಗಳ ಚಿತ್ರ ಬರೆದುಕೊಟ್ಟಿದ್ದಳು. ಅದನ್ನು ಒಲೆಯ ಪಕ್ಕ ಇಟ್ಟುಕೊಂಡು, ಹಾಲು ಉಕ್ಕುವ ತನಕ ಅಭ್ಯಾಸ ಮಾಡುತ್ತಿದ್ದೆ. ಹಾಲು ಉಕ್ಕಿ ಹೋದ ಮೇಲೂ ಮಾಡುತ್ತಿದ್ದೆ. ತಿಂಗಳಾದರೂ ಬಿಡಲಿಲ್ಲ, ನನ್ನದೇ ಹೆಸರಿನಲ್ಲಿ ಮುಂದುವರಿದೆ. ಒಂದು ಸಂಜೆ ಕ್ಲಾಸಿನಿಂದ ತಂದ ನನ್ನ ಕಾಗದಗಳು ಚಾಪೆಯ ಮೇಲೆ ಬಿದ್ದಿದ್ದವು. ನೋಡುತ್ತೇನೆ, ನಮ್ಮವರು ಚಾಳೀಸು ಏರಿಸಿ, ಎಡಗೈಯಲ್ಲಿ ಕೆಂಪು ಪೆನ್ಸಿಲ್ ಹಿಡಿದು ಓದುತ್ತಿದ್ದಾರೆ.

"'ಬೂಮಿ' ಅಂತ ಬರದೀಯಲ್ಲ. ಭೂಮಿಗೆ ಹೊಟ್ಟಿ ಸೀಳಬೇಕು" ಎಂದರು. ನಲವತ್ತು ದಿನದ ಮೇಲೆ ಆಡಿದ ಮೊದಲ ಸರಿಯಾದ ಮಾತು.

"ಹೌದ್ರಿ, ತಪ್ಪ ಆಗೇತಿ."

"ಅರ್ಜಿಯೊಳಗ ಹಿಂಗ ಬರದ್ರ ಹೊಲನ ಕೈಬಿಟ್ಟ ಹೋದೀತು. ತಾ, ಆ ರಟ್ಟ ತಾ. ನಾ ಹೇಳ್ತೇನಿ, ನೀ ಹೊಡಿ."

ತಪ್ಪು ಕಂಡರೆ ತಡೆಯಲಾರದ ಸ್ವಭಾವ ಅವರನ್ನು ನನ್ನ ಕಡೆಗೆ ತಂದಿತು. ಅಂದಿನಿಂದ ದಿನಾ ಸಂಜೆ ಇಪ್ಪತ್ತು ವರ್ಷದ ಅರ್ಜಿಗಳನ್ನು ನೆನಪಿನಿಂದ ಹೇಳುತ್ತಿದ್ದರು. "ಮಾನ್ಯರೇ, ಕೆಳಗೆ ಸಹಿ ಮಾಡಿದ ನಾನು ವಿನಂತಿಸಿಕೊಳ್ಳುವುದೇನೆಂದರೆ..." ನಾನು ರಟ್ಟಿನ ಮೇಲೆ ಸದ್ದಿಲ್ಲದ ಟೈಪಿಂಗ್ ಮಾಡುತ್ತಿದ್ದೆ. ಬಾವಿ ಜಗಳ, ಹೊಲದ ಬಾಂದಿನ ಜಗಳ, ದಾರಿ ಜಗಳ, ಇಡೀ ತಾಲೂಕಿನ ಜಗಳಗಳು ನನ್ನ ಬೆರಳುಗಳ ಕೆಳಗೆ ಹಾದುಹೋದವು.

ಜೂನಿಯರ್ ಪರೀಕ್ಷೆ ವಿಜಾಪುರದಲ್ಲಿ. ಮಶೀನು ನಾವೇ ಒಯ್ಯಬೇಕು. ಅಕ್ಕೋರು ತನ್ನ ಎಲ್ಲಕ್ಕಿಂತ ಒಳ್ಳೆಯ ಮಶೀನು ಕೊಟ್ಟಳು. ಅತ್ತೆ ಅದನ್ನು ಕೌದಿಯಲ್ಲಿ ಸುತ್ತಿ ಕಟ್ಟಿದರು. ನಮ್ಮವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತರು. ರಸ್ತೆಯ ತಗ್ಗು ಬಂದಾಗಲೆಲ್ಲ ಕೌದಿಯೊಳಗಿಂದ ಟಿಣ್ ಎನ್ನುತ್ತಿತ್ತು. ಎದುರಿನ ಸೀಟಿನ ಮುದುಕಿ ಬಹಳ ಹೊತ್ತು ನೋಡಿ, "ಕೂಸಿನ ಮಾರಿ ಸ್ವಲ್ಪ ತೆಗೀರಿ, ಗಾಳಿ ಆಡಲಿ" ಎಂದಳು. ನಮ್ಮವರು ಕೌದಿಯ ಅಂಚು ಸರಿಸಿ ತೋರಿಸಿದರು. ಅವಳು ವಿಜಾಪುರ ಬರುವ ತನಕ ನಮ್ಮ ಕಡೆ ನೋಡಲಿಲ್ಲ.

ಹಾಲಿನಲ್ಲಿ ಐವತ್ತು ಅರವತ್ತು ಮಶೀನು. ಗಂಟೆ ಹೊಡೆದದ್ದೇ ತಡ, ಒಮ್ಮೆಲೇ ಎಲ್ಲ ಶುರು. ನನ್ನ ಕಾಲ ಕೆಳಗಿನ ಫರಸಿಯೇ ನಡುಗಿತು. ಒಂದು ನಿಮಿಷ ಕೈ ಏಳಲಿಲ್ಲ. ಪಕ್ಕದ ಹುಡುಗ ಆಗಲೇ ಎರಡನೆಯ ಸಾಲಿನಲ್ಲಿದ್ದ. ಅವನ ಗಂಟೆಯ ಸದ್ದಿಗೆ ನನಗೆ ಮೈಯೆಲ್ಲ ಹುರುಪು ಬಂತು. ನೀನೇನು ಓಡುತ್ತೀ, ನಾನೂ ಬಂದೆ ಎಂದು ಹೊರಟೆ ನೋಡಿ. ಕೊಟ್ಟದ್ದು ನೀರಾವರಿಯ ಮೇಲೆ ಒಂದು ಪುಟ. ಮುಗಿಸಿದೆ, ವೇಳೆಗಿಂತ ಮೊದಲೇ ಮುಗಿಸಿದೆ. ಮುಗಿದದ್ದು ಬೆರಳಿಗೆ ತಿಳಿಯಲಿಲ್ಲ. ಅವು ತಮ್ಮಷ್ಟಕ್ಕೆ ತಾವೇ ಮುಂದಿನ ಸಾಲಿಗೆ ಇಳಿದು "ಇಂತಿ ತಮ್ಮ ವಿಧೇಯ" ಎಂದು ಹೊಡೆದು ನಿಂತವು. ಗಂಟೆ ಆಯಿತು. ಅಳಿಸುವಂತಿಲ್ಲ. ಕಾಗದ ಕಿತ್ತುಕೊಂಡು ಹೋದರು.

ಹೊರಗೆ ಬಂದು ನಮ್ಮವರಿಗೆ ಹೇಳಿದೆ. ಅಳು ಬಾಯಿಗೆ ಬಂದಿತ್ತು. ಅವರು ಕೇಳಿದರು, "ನೀರಾವರಿ ಪಾಠದ ಕೆಳಗ?"

"ಹೌದ್ರಿ."

"ವಿಧೇಯಕ್ಕ ಮಹಾಪ್ರಾಣ ಹಾಕಿಯೋ ಇಲ್ಲೋ?"

"ಹಾಕೇನ್ರಿ."

ಅವರು ನಕ್ಕರು. ಕೌದಿಯ ಗಂಟನ್ನು ಎದೆಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ, ಬಸ್ ಸ್ಟ್ಯಾಂಡಿನ ನಡುವೆ ನಿಂತು ನಕ್ಕರು. ಹೆಬ್ಬೆರಳು ಕೆಟ್ಟ ಮೇಲೆ ನಾನು ಅವರ ನಗು ಕಂಡಿರಲಿಲ್ಲ. ಫೇಲಾದರೂ ಅಡ್ಡಿಯಿಲ್ಲ ಅನ್ನಿಸಿತು ಆಗ. ಫೇಲಾಗಲಿಲ್ಲ. ರಿಸಲ್ಟು ಬಂದಾಗ ಆ ಮೂವರು ಹುಡುಗರಲ್ಲಿ ಇಬ್ಬರು ನಾಪಾಸು, ನಾನು ಪಾಸು. ಹಸೀನಾ ಅಕ್ಕೋರು ತನ್ನ ಖೋಲಿಯ ಮೂಲೆಯಲ್ಲಿದ್ದ ಹಳೆಯ ಮಶೀನು ತೋರಿಸಿ, "ಇದನ್ನ ಒಯ್ಯಿರಿ ಬಾಯಾರ. ಇಲ್ಲಿ ಕುಂತು ಜಂಗ ಹಿಡಿಯಾಕತ್ತೈತಿ" ಎಂದಳು.

ಹೀಗೆ ಒಂದು ಸೋಮವಾರ ಬೇವಿನ ಗಿಡದ ಕೆಳಗೆ, ನಮ್ಮವರ ಚಾಪೆಯ ಪಕ್ಕ ಒಂದು ಸಣ್ಣ ಮೇಜು ಹಾಕಿ ಕೂತೆ. ಅಲ್ಲಿ ಆ ತನಕ ಹೆಂಗಸು ಕೂತಿರಲಿಲ್ಲ. ಬೇರೆ ಅರ್ಜಿ ಬರೆಯುವವರು ಒಂದು ಮಾರು ಆಚೆ ಸರಿದರು. ಕಚೇರಿಯ ಜವಾನ ಎರಡು ಸಲ ಹೊರಗೆ ಬಂದು ಕೆಲಸವಿಲ್ಲದೆ ಒಳಗೆ ಹೋದ. ನಾನು ತಲೆ ಬಗ್ಗಿಸಿ ರಿಬ್ಬನ್ನು ಸರಿ ಮಾಡಿದೆ, ಮತ್ತೆ ಸರಿ ಮಾಡಿದೆ. ನಮ್ಮವರು ಮಾತ್ರ ಊರಿನ ದೊಡ್ಡ ಮನುಷ್ಯರ ಹಾಗೆ ನೆಟ್ಟಗೆ ಕೂತಿದ್ದರು.

ಮಧ್ಯಾಹ್ನದ ಹೊತ್ತಿಗೆ ತಾಂಬಾದಿಂದ ಇಬ್ಬರು ಬಂದರು. ನೀಲವ್ವ ಎಂಬವಳು, ಅವಳ ಮೈದುನ. ನೀಲವ್ವನ ಗಂಡ ತೀರಿಕೊಂಡಿದ್ದ. ಅವನ ಹೆಸರಿನ ಹೊಲಕ್ಕೆ ವಾರಸುದಾರರ ಹೆಸರು ಹಚ್ಚಬೇಕು. ಮೈದುನ ನಮ್ಮವರಿಗೆ ಹಳೆಯ ಪರಿಚಯ. "ಅತ್ತಿಗಿದು ಒಪ್ಪಿಗಿ ಐತ್ರಿ, ನನ್ನ ಒಬ್ಬಂದ ಹೆಸರ ಹಚ್ಚಬೇಕಂತ" ಎಂದ. ನಮ್ಮವರು ನೀಲವ್ವನ ಹೆಸರಿನಲ್ಲೇ ಹೇಳಿದರು, ನಾನು ಹೊಡೆದೆ: "ನಾನು ನನ್ನ ರಾಜಿಖುಷಿಯಿಂದ..." ಅರ್ಧ ಆಗಿತ್ತು. ಮೈದುನ ಸ್ಟ್ಯಾಂಪು ತರಲು ಹೋದ. ನೀಲವ್ವ ಅಷ್ಟೊತ್ತು ದೂರ ಕೂತವಳು ಮೆಲ್ಲಗೆ ಸರಿದು ನನ್ನ ಮೇಜಿನ ಹತ್ತಿರ ಬಂದಳು.

"ಯಕ್ಕಾ, ಈ ಮಶೀನದಾಗ ಹೆಣ್ಮಕ್ಕಳು ಹೇಳಿದ್ದ ಮೂಡತೈತೇನು?"

"ಯಾರು ಹೇಳಿದ್ರೂ ಮೂಡತೈತಿ."

"ಹಂಗಾದ್ರ ಬರಿ. ನನಗ ಒಪ್ಪಿಗಿ ಇಲ್ಲ. ನನ್ನ ಹೆಸರು ಹಚ್ಚಬೇಕು. ಆ ಹೊಲದಾಗ ಹನ್ನೆರಡ ವರ್ಷ ನಾ ಕಳೆ ತಗದೇನಿ."

ಮೇಜಿನ ಹತ್ತಿರ ನಾವು ಮೂವರೇ. ನಮ್ಮವರು ಎಲ್ಲ ಕೇಳಿಸಿಕೊಂಡರು. ನಾನು ಅವರ ಮುಖ ನೋಡಲಿಲ್ಲ. ನೋಡಿದರೆ ಕೈ ನಿಂತೀತು ಎಂದು ಅಂಜಿಕೆ. ಅರ್ಧ ಹೊಡೆದ ಹಾಳೆಯನ್ನು ಎಳೆದು ತೆಗೆದೆ, ಹೊಸದು ಹಾಕಿದೆ. ಅವಳು ಹೇಳಿದಳು, ನಾನು ಹೊಡೆದೆ. ವಿಜಾಪುರದ ಹಾಲಿನಲ್ಲಿ ಇಲ್ಲದ ವೇಗ ಆ ದಿನ ನನ್ನ ಕೈಗೆ ಎಲ್ಲಿಂದ ಬಂತೋ. ಮುಗಿಸಿ ಕಾಗದ ತೆಗೆದಾಗ ನಮ್ಮವರು ಕೈ ಚಾಚಿದರು. ಕೊಟ್ಟೆ. ಓದಿದರು. ಒಂದು ಕಡೆ ಎಡಗೈಯಿಂದ ಅಲ್ಪಪ್ರಾಣ ತಿದ್ದಿದರು.

"ಓದಿ ಹೇಳ್ತೇನಿ. ನೀ ಹೇಳಿದ್ದ ಐತೋ ಇಲ್ಲೋ ನೋಡವ್ವಾ" ಎಂದು ನೀಲವ್ವನಿಗೆ ಪೂರ್ತಿ ಓದಿದರು. ಅವಳು ಪ್ರತಿ ಮಾತಿಗೂ ತಲೆಯಾಡಿಸಿದಳು. ನಮ್ಮವರು ಮಸಿಯ ಪ್ಯಾಡು ತೆಗೆದು ಅವ್ವನ ಕೈ ಹಿಡಿದಷ್ಟು ಮೆತ್ತಗೆ ಅವಳ ಹೆಬ್ಬೆಟ್ಟು ಒತ್ತಿಸಿದರು.

ಮೈದುನ ಬಂದ. ಕಾಗದ ನೋಡಿದ.

"ಮಲ್ಲಪ್ಪನವರ, ಇದೇನ್ರಿ ಇದು? ಬರಸಾಕ ಹೇಳಿದಾಂವ ನಾನು."

"ಅರ್ಜಿ ಆಕೀದು. ಆಕಿ ಹೇಳಿದ್ದ ಬರದೇವಿ."

"ನಾ ಕರಕೊಂಡ ಬಂದೇನ್ರಿ ಆಕಿನ್ನ."

"ಕರಕೊಂಡ ಬಂದೀರಿ, ಛಲೋ ಆತು. ತಾಂಬಾಕ್ಕ ವಾಪಸ್ ಹೋಗಾಕ ಆಕಿಗೆ ಬಸ್ಸ ಐತಿ."

ಅವನು ಸ್ವಲ್ಪ ಹೊತ್ತು ಹಾರಾಡಿದ. ಇಪ್ಪತ್ತು ವರ್ಷ ಅರ್ಜಿ ಬರೆಸಿದವನು, ಇನ್ನು ಈ ಗಿಡದ ಕೆಳಗೆ ಕಾಲಿಡುವುದಿಲ್ಲ ಎಂದ. ನಮ್ಮವರು ಹೂಂ ಎಂದರು. ಅವನು ಹೋದ. ನೀಲವ್ವ ಸೆರಗು ಸರಿಮಾಡಿಕೊಂಡು, ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಒಬ್ಬಳೇ ಕಚೇರಿಯ ಮೆಟ್ಟಿಲು ಹತ್ತಿದಳು. ನಾವು ಅವಳು ಒಳಗೆ ಹೋಗುವ ತನಕ ನೋಡುತ್ತ ಕೂತೆವು.

"ಇಷ್ಟ ವರ್ಷ ಎಷ್ಟ ಸಲ 'ರಾಜಿಖುಷಿಯಿಂದ' ಅಂತ ಬರದೇನಿ" ಎಂದರು ನಮ್ಮವರು, ಚಾಳೀಸು ಒರೆಸುತ್ತ. "ಯಾರ ಖುಷಿ ಅಂತ ಒಮ್ಮೆರೆ ಕೇಳಿಲ್ಲ ನೋಡು."

ವಿಚಾರಣೆ, ಪಂಚರು, ಓಡಾಟ ಎಲ್ಲ ಆಗಿ ಕೆಲವು ತಿಂಗಳಲ್ಲಿ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ನೀಲವ್ವನ ಹೆಸರು ಬಂತು. ಹಸಿ ಕಡಲೆಗಿಡದ ಒಂದು ಹೊರೆಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದು ನಮ್ಮ ಮೇಜಿನ ಮೇಲೆ ಇಳಿಸಿದಳು. ಮಶೀನು ಕಾಣದಂತಾಯಿತು. ಆಮೇಲೆ ಹೆಂಗಸರು ಬರತೊಡಗಿದರು. ನಾಲತವಾಡಕ್ಕೆ ಕೊಟ್ಟಿದ್ದ ಇಂಡಿಯ ಮಗಳೊಬ್ಬಳು ತವರಿಗೆ ಬಂದವಳು ನೇರ ನನ್ನ ಹತ್ತಿರ ಬಂದು, ನಮ್ಮವರು ಏನೋ ಕೇಳಿದ್ದಕ್ಕೆ "ನಿಮಗಲ್ರಿ, ಅಕ್ಕೋರಿಗೆ ಹೇಳ್ತೇನಿ" ಎಂದಳು. ಅಕ್ಕೋರು ಎಂದರೆ ನಾನು. ನಮ್ಮವರು ಎದ್ದು ಚಹಾ ಹೇಳಲು ಹೋದರು. ಬರುವಾಗ ನಗುತ್ತಿದ್ದರು. ಕಾಗದಗಳಲ್ಲಿ ಯಾವುದು ಎಲ್ಲಿಗೆ, ಯಾವ ಕಾಯದೆ, ಯಾವ ಸಾಹೇಬರು, ಆ ತಲೆ ಅವರದು. ಬೆರಳು ನನ್ನವು. ಹೀಗೆ ಇಬ್ಬರೂ ಸೇರಿ ಒಬ್ಬ ಒಳ್ಳೆಯ ಅರ್ಜಿ ಬರೆಯುವವನಾದೆವು.

ಒಮ್ಮೆ ಕಲಿಯುವ ರುಚಿ ಹತ್ತಿದರೆ ಬಿಡುವುದು ಕಷ್ಟ. ಸೀನಿಯರ್ ಪರೀಕ್ಷೆಗೆ ಎಸ್‌ಎಸ್‌ಎಲ್‌ಸಿ ಇದ್ದರೆ ಒಳ್ಳೆಯದೆಂದು ಹಸೀನಾ ಅಂದಿದ್ದಳು. ಮೂವತ್ತೆಂಟನೆಯ ವರ್ಷಕ್ಕೆ ಅದಕ್ಕೂ ಕೂತೆ, ಖಾಸಗಿಯಾಗಿ. ಇಂಗ್ಲಿಷು ಮೊದಲ ಸಲ ನನ್ನನ್ನು ಬಾಗಿಲಿನಿಂದಲೇ ತಿರುಗಿ ಕಳಿಸಿತು, ಎರಡನೆಯ ಸಲ ಒಳಗೆ ಬಿಟ್ಟಿತು. ಪಾಸಾದ ದಿನದ ಸಂಭ್ರಮ ದೊಡ್ಡದೇ, ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರು. ಆದರೆ ನನಗೆ ನೆನಪಿರುವುದು ಪಾಸಾದ ದಿನ ಅಲ್ಲ, ಪರೀಕ್ಷೆಯ ಫಾರ್ಮು ತುಂಬಿದ ದಿನ.

ಫಾರ್ಮನ್ನು ಕೈಯಿಂದಲೇ ತುಂಬಬೇಕಿತ್ತು. ನಾನು ಪೆನ್ನು ತೆಗೆದುಕೊಂಡೆ. ನಮ್ಮವರು "ಕೊಡಿಲ್ಲಿ" ಎಂದರು. ಬೇಡ ಎಂದೆ. ಕೇಳಲಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಬೀಳುವ ಕಡೆ ಪೆಟ್ಟಿಗೆ ಇಟ್ಟುಕೊಂಡು, ನಿಬ್ಬು ಅದ್ದಿ, ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದು ಬರೆಯತೊಡಗಿದರು. ಒಂದೊಂದು ಅಕ್ಷರಕ್ಕೆ ಒಂದೊಂದು ಉಸಿರು. ನನ್ನ ಹೆಸರು, ಹುಟ್ಟಿದೂರು ಬಸವನ ಬಾಗೇವಾಡಿ, ಹಿಂದೆ ಪಾಸಾದ ಪರೀಕ್ಷೆ ಮುಲ್ಕಿ. ನಡುನಡುವೆ ನಿಲ್ಲಿಸಿ ಕೈ ಜಾಡಿಸುತ್ತಿದ್ದರು. ನಾನು ಪಕ್ಕ ಕೂತು ಒಂದೊಂದೇ ಹೇಳುತ್ತಿದ್ದೆ.

"ಉದ್ಯೋಗ" ಎಂದು ಓದಿದರು.

"ಮನಿಗೆಲಸ ಅಂತ ಬರೀರಿ" ಎಂದೆ.

ಅವರು ನಿಬ್ಬನ್ನು ಮಸಿಯಲ್ಲಿ ಅದ್ದಿ, ಕುಡಿಕೆಯ ಅಂಚಿಗೆ ಒರೆಸಿ, ಬಹಳ ಹೊತ್ತು ಆ ಖಾಲಿ ಜಾಗ ನೋಡಿದರು. ಆಮೇಲೆ, ಒಂದರ ಬಾಲ ಇನ್ನೊಂದಕ್ಕೆ ತಾಗದ ಹಾಗೆ ಬರೆದರು: "ಅರ್ಜಿ ಬರೆಯುವವರು, ಇಂಡಿ."